ಪೋಖ್ರಾನ್‌ನ ಕಂಪನ, ನಮ್ಮೂರ ಕ್ವಾರಿ: ‘ಶಬ್ದ’ ಘಟಕದ ಎರಡು ಅವಧಿಗಳು

ಒಂಬತ್ತನೇ ತರಗತಿಯ ‘ಶಬ್ದ’ ಘಟಕದಲ್ಲಿ ಬೇರೆ ಬೇರೆ ಮಾಧ್ಯಮಗಳಲ್ಲಿ ಶಬ್ದದ ವೇಗ ಎಷ್ಟೆಂದು ತಿಳಿಸುವ ಒಂದು ಪಟ್ಟಿ ಇದೆ. ಗಾಳಿಯಲ್ಲಿ ಸೆಕೆಂಡಿಗೆ 346 ಮೀಟರ್, ಶುದ್ಧ ನೀರಿನಲ್ಲಿ 1498, ಉಕ್ಕಿನಲ್ಲಿ 5960. ಬೋಧನಾಭ್ಯಾಸದಲ್ಲಿ ನಾವು ಸಾಮಾನ್ಯವಾಗಿ ಈ ಪಟ್ಟಿಯನ್ನು ಚಾರ್ಟಿನಲ್ಲಿ ಬರೆದು ತೂಗುಹಾಕುತ್ತೇವೆ. ಮಕ್ಕಳು ಓದುತ್ತಾರೆ, ‘ಘನಗಳಲ್ಲಿ ಶಬ್ದದ ವೇಗ ಹೆಚ್ಚು’ ಎಂದು ಬರೆದುಕೊಳ್ಳುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ. ನಾನು ಚಾರ್ಟನ್ನು ಬಿಟ್ಟು ಒಂದು ಊರಿನ ಮೂಲಕ ಇದನ್ನು ಕಲಿಸಲು ಯೋಜಿಸಿದೆ. ಆ ಊರು ರಾಜಸ್ಥಾನದ ಪೋಖ್ರಾನ್.

ಈ ಆಯ್ಕೆಗೆ ಕಾರಣವಿದೆ. ಪೋಖ್ರಾನ್ ಎಂಬ ಹೆಸರನ್ನು ಮಕ್ಕಳು ಕೇಳಿದ್ದಾರೆ, ಆದರೆ ರಸಪ್ರಶ್ನೆಯ ಉತ್ತರವಾಗಿ ಮಾತ್ರ. 1998ರ ಮೇ 11ರ ಪರೀಕ್ಷೆಯ ನೆನಪಿಗೆ ಆ ದಿನವನ್ನು ರಾಷ್ಟ್ರೀಯ ತಂತ್ರಜ್ಞಾನ ದಿನವೆಂದು ಆಚರಿಸುತ್ತಾರೆ. ಆದರೆ ನಮ್ಮ ಶಾಲೆಗಳಿಗೆ ಅದು ಬೇಸಿಗೆ ರಜೆಯ ಕಾಲ. ಹಾಗಾಗಿ ತರಗತಿಯಲ್ಲಿ ಅದರ ಮಾತು ಬರುವುದೇ ಇಲ್ಲ. ಪೂರ್ವಜ್ಞಾನ ಪರೀಕ್ಷಿಸಲು ‘ಪೋಖ್ರಾನ್ ಎಂದರೆ ಏನು ನೆನಪಾಗುತ್ತದೆ?’ ಎಂದು ಕೇಳಿ ಚೀಟಿಯಲ್ಲಿ ಬರೆಸಿದೆ. ‘ಬಾಂಬ್’, ‘ಅಬ್ದುಲ್ ಕಲಾಂ’, ‘ಮರಳು’ ಎಂಬ ಉತ್ತರಗಳ ಜೊತೆ ಹಲವು ಚೀಟಿಗಳಲ್ಲಿ ‘ಯಾರೂ ಇಲ್ಲದ ಜಾಗ’ ಎಂದಿತ್ತು. ಈ ಕೊನೆಯ ಉತ್ತರವನ್ನೇ ನನ್ನ ಪಾಠದ ಆರಂಭವಾಗಿ ಇಟ್ಟುಕೊಂಡೆ.

ಮೊದಲ ಹತ್ತು ನಿಮಿಷ ಭೂಪಟ. ಜೋಧಪುರದಿಂದ ಜೈಸಲ್ಮೇರಿಗೆ ಹೋಗುವ ದಾರಿಯಲ್ಲಿ, ಜೈಸಲ್ಮೇರ್ ಜಿಲ್ಲೆಯಲ್ಲೇ ಪೋಖ್ರಾನ್ ಇದೆ. ಅಲ್ಲಿ ಕೆಂಪು ಮರಳುಗಲ್ಲಿನ ಹಳೆಯ ಕೋಟೆ ಇದೆ, ಅಂಗಡಿ ಬೀದಿ ಇದೆ, ರೈಲು ನಿಲ್ದಾಣ ಇದೆ. ಅಲ್ಲಿಯ ಕುಂಬಾರರ ಮಡಿಕೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಸೈನ್ಯದ ಪರೀಕ್ಷಾ ವಲಯ ಇರುವುದು ಪಟ್ಟಣದಲ್ಲಲ್ಲ, ಅದರಿಂದ ವಾಯವ್ಯಕ್ಕೆ. ಅದರ ಅಂಚಿನಲ್ಲಿ ಖೇತೋಲಾಯಿ ಎಂಬ ಹಳ್ಳಿ ಇದೆ. 1998ರ ಸ್ಫೋಟಗಳು ನಡೆದದ್ದು ಆ ಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಇದನ್ನು ಹೇಳಿದಾಗ ‘ಯಾರೂ ಇಲ್ಲದ ಜಾಗ’ ಎಂದು ಬರೆದಿದ್ದ ಒಬ್ಬ ಹುಡುಗ ತನ್ನ ಚೀಟಿಯನ್ನು ವಾಪಸು ಕೇಳಿದ. ಕೊಡಲಿಲ್ಲ. ಕೊನೆಯಲ್ಲಿ ಹೋಲಿಸಿ ನೋಡಲು ಬೇಕಾಗುತ್ತದೆ ಎಂದೆ.

ಇತಿಹಾಸವನ್ನು ಬೇಗ ಮುಗಿಸಿದೆ. 1974ರ ಮೇ 18ರ ಬೆಳಿಗ್ಗೆ ಮೊದಲ ಭೂಗತ ಸ್ಫೋಟ. ನೂರು ಮೀಟರಿಗಿಂತ ಹೆಚ್ಚು ಆಳದಲ್ಲಿ ಸಾಧನವನ್ನು ಇಟ್ಟಿದ್ದರು. ಆ ತಂಡದ ಮುಂದಾಳು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಆಮೇಲೆ 1998ರ ಮೇ 11ರಂದು ಮೂರು, 13ರಂದು ಎರಡು ಸ್ಫೋಟಗಳು. ಮಕ್ಕಳು ಚಪ್ಪಾಳೆ ತಟ್ಟಿದರು. ತಡೆಯಬೇಕೆಂದು ನನಗೆ ಅನಿಸಲಿಲ್ಲ.

ನನಗೆ ಬೇಕಾಗಿದ್ದ ಪ್ರಶ್ನೆ ಇದು: ನೆಲದೊಳಗೆ ಗುಟ್ಟಾಗಿ ಮಾಡಿದ ಸ್ಫೋಟ ಬೇರೆ ದೇಶದವರಿಗೆ ಹೇಗೆ ತಿಳಿಯಿತು? ‘ಉಪಗ್ರಹ’ ಎಂದರು. ಉಪಗ್ರಹದ ಕಣ್ಣು ತಪ್ಪಿಸಿಯೇ 1998ರ ಸಿದ್ಧತೆ ನಡೆದಿತ್ತು ಎಂದಾಗ ತರಗತಿ ಸುಮ್ಮನಾಯಿತು. ಆಗ ಗೌರಿಬಿದನೂರಿನ ಹೆಸರು ಹೇಳಿದೆ.

ಗೌರಿಬಿದನೂರಿನ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲೊಂದಿದೆ. 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಅದನ್ನು ಕಟ್ಟಿದರು. ಇಂಗ್ಲಿಷ್ ‘ಎಲ್’ ಅಕ್ಷರದ ಆಕಾರದಲ್ಲಿ ಎರಡು ಕಡೆ ಮಾಪಕಗಳನ್ನು ಹೂಳಿದ್ದಾರೆ. ಜಗತ್ತಿನಲ್ಲಿ ಎಲ್ಲಿಯಾದರೂ ಭೂಗತ ಪರಮಾಣು ಸ್ಫೋಟ ನಡೆದರೆ ಪತ್ತೆ ಹಚ್ಚುವುದು ಅದರ ಕೆಲಸ. ಪೋಖ್ರಾನ್ ಪರೀಕ್ಷಾ ವಲಯದಿಂದ ಗೌರಿಬಿದನೂರಿಗೆ ನೇರ ದೂರ ಸುಮಾರು 1600 ಕಿ.ಮೀ. ಇದನ್ನು ಮಕ್ಕಳೇ ದಾರ ಹಿಡಿದು, ಭೂಪಟದ ಅಳತೆಮಾನ ನೋಡಿ ಕಂಡುಕೊಂಡರು. ಎರಡು ಗುಂಪುಗಳಿಗೆ 1500 ಬಂತು, ಒಂದಕ್ಕೆ 1700. ಅಷ್ಟು ವ್ಯತ್ಯಾಸ ಇರಲಿ ಎಂದು ಬಿಟ್ಟೆ.

ಕಂಪನ ಅಷ್ಟು ದೂರ ಬರಲು ಸುಮಾರು 200 ಸೆಕೆಂಡು ಸಾಕು. ಅಂದರೆ ವೇಗ ಸೆಕೆಂಡಿಗೆ 8 ಕಿ.ಮೀ. ಗಾಳಿಯಲ್ಲಿ ಬರುವಂತಿದ್ದರೆ ಎಷ್ಟು ಹೊತ್ತು ಬೇಕಿತ್ತು ಎಂದು ಭಾಗಿಸಿ ನೋಡಿದಾಗ 77 ನಿಮಿಷ ಬಂತು. ಆಗ ಒಬ್ಬಳು ಪುಸ್ತಕದ ಪಟ್ಟಿಯನ್ನು ತೆರೆದು, ‘ಮಿಸ್, ಇದರಲ್ಲಿ ಯಾವುದಕ್ಕೂ 8000 ಇಲ್ಲ, ಅಲ್ಯೂಮಿನಿಯಂಗೂ 6420 ಅಷ್ಟೇ’ ಎಂದಳು. ಪಟ್ಟಿಯನ್ನು ಗೋಡೆಗೆ ತೂಗುಹಾಕಿದ್ದರೆ ಈ ಪ್ರಶ್ನೆ ಬರುತ್ತಿತ್ತೇ ಎಂಬ ಅನುಮಾನ ನನಗಿದೆ. ದೂರದ ಕಂಪನ ನೆಲದ ಮೇಲ್ಪದರದಲ್ಲೇ ಸಾಗಿ ಬರುವುದಿಲ್ಲ. ಅದು ಕೆಳಗಿಳಿದು, ತೊಗಟೆಯ ಅಡಿಯ ಹೆಚ್ಚು ಬಿಗಿಯಾದ ಶಿಲೆಯ ಮೂಲಕ ಹಾದು ಮೇಲೆ ಬರುತ್ತದೆ. ಆ ಆಳದಲ್ಲಿ ವೇಗ ಹೆಚ್ಚು. ಕಪ್ಪುಹಲಗೆಯಲ್ಲಿ ಬಾಗಿದ ಗೆರೆ ಎಳೆದು ತೋರಿಸಿದರೆ ಒಂಬತ್ತನೇ ತರಗತಿಗೆ ಇಷ್ಟು ಸಾಕು.

ಭೂಕಂಪಕ್ಕೂ ಸ್ಫೋಟಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದೆ. ಹೆಗಲ ಮೇಲೆ ಕೈಯಿಟ್ಟು ನಿಂತ ಸಾಲನ್ನು ಹಿಂದಿನಿಂದ ಮೆಲ್ಲಗೆ ತಳ್ಳಿದರೆ ಸಂಪೀಡನ ಮುಂದೆ ಸಾಗುತ್ತದೆ. ಇದು ನೀಳ ತರಂಗ. ಪಕ್ಕಕ್ಕೆ ಎಳೆದರೆ ಅಡ್ಡ ತರಂಗ. ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುವುದರಿಂದ ಅಡ್ಡ ತರಂಗ ಜೋರಾಗಿರುತ್ತದೆ, ಮೊದಲ ಸೆಳೆತ ಕೆಲವು ದಿಕ್ಕಿಗೆ ತಳ್ಳುವಂತೆಯೂ ಕೆಲವು ದಿಕ್ಕಿಗೆ ಎಳೆಯುವಂತೆಯೂ ಇರುತ್ತದೆ. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ. ಮಾಪಕದ ಗೆರೆಯಲ್ಲಿ ಈ ವ್ಯತ್ಯಾಸ ಕಾಣುತ್ತದೆ. 1998ರಲ್ಲಿ ಪ್ರಧಾನಿಯವರ ಹೇಳಿಕೆಯಲ್ಲಿ ಪರೀಕ್ಷೆಯ ಸಮಯ ಮಧ್ಯಾಹ್ನ 3.45 ಎಂದಿತ್ತು. ದೂರದ ದೇಶಗಳ ಮಾಪಕಗಳ ಲೆಕ್ಕ 3 ಗಂಟೆ 43 ನಿಮಿಷ ಎಂದಿತು. ಈ ಸಂಗತಿ ಮಕ್ಕಳಿಗೆ ಬಹಳ ಹಿಡಿಸಿತು. ಯಾರೂ ಹೇಳದೆ ನೆಲವೇ ನಿಮಿಷ ಹೇಳಿತು ಎಂದು ನಕ್ಕರು.

ಎರಡನೇ ಅವಧಿಯಲ್ಲಿ ಖೇತೋಲಾಯಿಗೆ ಬಂದೆವು. ಸ್ಫೋಟಕ್ಕೆ ಮೊದಲು ಸೈನಿಕರು ಹಳ್ಳಿಯವರನ್ನು ಮನೆಗಳಿಂದ ಹೊರಗೆ ಇರಲು ಹೇಳಿದ್ದರು ಎಂಬುದು ಪತ್ರಿಕೆಗಳಲ್ಲಿ ಬಂದ ವಿಷಯ. ಬಾಂಬ್ ಸಿಡಿಯುವಾಗ ಒಳಗಿರುವುದಲ್ಲವೇ ಕ್ಷೇಮ, ಹೊರಗೆ ಏಕೆ? ಈ ಪ್ರಶ್ನೆಗೆ ಉತ್ತರವಾಗಿ ಒಂದು ಟ್ರೇ ತುಂಬ ಒದ್ದೆ ಮರಳು ತುಂಬಿ, ಒಣಗಿದ ಜೇಡಿಮಣ್ಣಿನ ಪುಟ್ಟ ಗೋಡೆಗಳನ್ನು ನಿಲ್ಲಿಸಿ, ಟ್ರೇಯ ತಳಕ್ಕೆ ಕೆಳಗಿನಿಂದ ಮರದ ಸುತ್ತಿಗೆಯಲ್ಲಿ ಹೊಡೆದೆವು. ಮೇಲೆ ಏನೂ ಹಾರಲಿಲ್ಲ, ಹೊಗೆ ಇಲ್ಲ, ಬೆಂಕಿ ಇಲ್ಲ. ಗೋಡೆ ಬಿರುಕು ಬಿಟ್ಟಿತು. ಖೇತೋಲಾಯಿಯಲ್ಲೂ ಮನೆಗಳ ಗೋಡೆಗಳು, ಮಳೆನೀರಿನ ತೊಟ್ಟಿಗಳು ಬಿರುಕು ಬಿಟ್ಟವೆಂದು ಹಳ್ಳಿಯವರು ಹೇಳಿದ್ದಾರೆ. ಮರುಭೂಮಿಯಲ್ಲಿ ತೊಟ್ಟಿ ಸೋರಿದರೆ ಏನರ್ಥ ಎಂದು ನಮ್ಮ ಬಯಲುಸೀಮೆಯ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದುನಿಂತು, ‘ಮಿಸ್, ನಮ್ಮನೆ ಗೋಡೇನೂ ಹಿಂಗೇ ಸೀಳಿದೆ. ಕ್ವಾರಿ ಬ್ಲಾಸ್ಟಿಗೆ. ಮೊದಲು ಪಾತ್ರೆ ಗಲಗಲ ಅಂತವೆ, ಆಮೇಲೆ ಡಂ ಅನ್ನುತ್ತೆ’ ಎಂದ. ಘಟಕದ ಮುಖ್ಯ ಪರಿಕಲ್ಪನೆ ಅವನ ಅಡುಗೆಮನೆಯಲ್ಲೇ ಇತ್ತು. ಕಂಪನ ಮೊದಲು ನೆಲದಲ್ಲಿ ಬರುತ್ತದೆ, ಸದ್ದು ತಡವಾಗಿ ಗಾಳಿಯಲ್ಲಿ ಬರುತ್ತದೆ. ಸ್ಫೋಟದಿಂದ 5 ಕಿ.ಮೀ. ದೂರದ ಮನೆಯನ್ನು ಊಹಿಸಿ ಲೆಕ್ಕ ಹಾಕಿದೆವು. ಶಿಲೆಯಲ್ಲಿ ಸೆಕೆಂಡಿಗೆ 5 ಕಿ.ಮೀ. ಎಂದುಕೊಂಡರೆ ಒಂದು ಸೆಕೆಂಡಿಗೆ ನೆಲ ಅಲುಗುತ್ತದೆ. ಗಾಳಿಯ ಸದ್ದಿಗೆ ಹದಿನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಕು. ಸದ್ದು ಕೇಳಿ ಎದ್ದು ಓಡುವಷ್ಟರಲ್ಲಿ ಗೋಡೆಗೆ ಆಗಬೇಕಾದ್ದು ಆಗಿರುತ್ತದೆ. ಮೊದಲೇ ಹೊರಗೆ ಕೂರಿಸಿದ್ದು ಏಕೆಂದು ಮಕ್ಕಳೇ ಹೇಳಿದರು.

ಪಾತ್ರೆ ಅಲುಗಿದ ಕ್ಷಣದಿಂದ ‘ಡಂ’ ಕೇಳುವವರೆಗೆ ಸೆಕೆಂಡು ಎಣಿಸಿ ಬರೆದು ತನ್ನಿ ಎಂದು ಮನೆಗೆಲಸ ಕೊಟ್ಟೆ. ಎಣಿಸಿದ್ದನ್ನು 346ರಿಂದ ಗುಣಿಸಿದರೆ ಕ್ವಾರಿಯ ದೂರ ಹತ್ತಿರ ಹತ್ತಿರ ಸಿಗುತ್ತದೆ.

ವೀಕ್ಷಣಾ ಹಾಳೆಯಲ್ಲಿ ‘ಪಾಠ ವಿಷಯಾಂತರಗೊಂಡಿದೆ, ಸಮಾಜ ವಿಜ್ಞಾನದತ್ತ ವಾಲಿದೆ’ ಎಂಬ ಟಿಪ್ಪಣಿ ಬಂತು. ಮಾರ್ಗದರ್ಶಕರ ಮೇಲೆ ಗೌರವವಿಟ್ಟುಕೊಂಡೇ ಇದನ್ನು ನಾನು ಒಪ್ಪುವುದಿಲ್ಲ. ಬಿರುಕು ಭೌತಶಾಸ್ತ್ರದ ಫಲಿತಾಂಶ. ವೇಗ, ದೂರ, ಶಕ್ತಿ ಮೂರೂ ಅದರಲ್ಲಿವೆ. ಅದನ್ನು ಪಾಠದಿಂದ ಹೊರಗಿಟ್ಟರೆ ಮಕ್ಕಳ ತಲೆಯಲ್ಲಿ ಸ್ಫೋಟ ಮತ್ತೆ ‘ಯಾರೂ ಇಲ್ಲದ ಜಾಗ’ಕ್ಕೇ ಹೋಗುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ‘ಅಲ್ಲಿ ಕಾಯಿಲೆ ಬಂತಾ?’ ಎಂಬ ಪ್ರಶ್ನೆಗೆ. ಹಳ್ಳಿಯವರು ಕಾಯಿಲೆಗಳ ದೂರು ಹೇಳುತ್ತಾ ಬಂದಿದ್ದಾರೆ, ಪರಮಾಣು ಇಲಾಖೆಯ ವಿಜ್ಞಾನಿಗಳು ವಿಕಿರಣ ಹೊರಗೆ ಬಂದಿಲ್ಲ ಎಂದಿದ್ದಾರೆ. ಎರಡನ್ನೂ ಹಲಗೆಯ ಎರಡು ಬದಿ ಬರೆದು, ನಡುವೆ ‘ಏನನ್ನು ಅಳೆಯಬೇಕು?’ ಎಂದು ಬರೆದೆ. ‘ನೀರು’, ‘ಮಣ್ಣು’, ‘ಹಸುವಿನ ಹಾಲು’, ‘ಬೇರೆ ಊರಿನವರ ಕಾಯಿಲೆ ಲೆಕ್ಕ’ ಎಂಬ ಉತ್ತರಗಳು ಬಂದವು. ಈ ಕೊನೆಯದನ್ನು ಹೇಳಿದ ಹುಡುಗಿಗೆ ಹೋಲಿಕೆಯ ಗುಂಪು ಎಂಬ ಪದ ಗೊತ್ತಿರಲಿಲ್ಲ, ಅದರ ಅಗತ್ಯ ಗೊತ್ತಿತ್ತು.

ಮರುದಿನ ಮನೆಗೆಲಸದಲ್ಲಿ ಒಂದೇ ಓಣಿಯ ಮಕ್ಕಳಿಗೆ 3, 4, 4, 5 ಸೆಕೆಂಡು ಬಂದಿತ್ತು. ನಾಲ್ಕು ಎಂದುಕೊಂಡರೆ ದೂರ 1384 ಮೀಟರ್. ಗೋಡೆ ಸೀಳಿದ ಮನೆಯ ಹುಡುಗ ತನ್ನ ಪುಸ್ತಕದಲ್ಲಿ ಇನ್ನೊಂದು ಕಾಲಂ ಹೆಚ್ಚಿಗೆ ಎಳೆದಿದ್ದ. ಬಿರುಕಿನ ಎರಡು ಬದಿಗೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು, ತಾರೀಖು ಬರೆದಿದ್ದ. ಪ್ರತಿ ಬ್ಲಾಸ್ಟಿನ ನಂತರ ಅಳೆಯುತ್ತಾನಂತೆ.