ಬೈಸಿಕಲ್ಲಿನ ಸರಪಳಿ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ, ಹಳೇಬೀಡಿಗೆ ಸಮೀಪದಲ್ಲಿ, ಹುಲಿಕೆರೆ ಎಂಬ ಗ್ರಾಮವಿದೆ. ಹೊಯ್ಸಳರ ಕಾಲದ, ಮೆಟ್ಟಿಲುಗಳುಳ್ಳ ಕಲ್ಯಾಣಿಯಿಂದ ಅದು ಪ್ರಸಿದ್ಧವಾಗಿದೆ. ಇಂತಹ ಗ್ರಾಮಗಳ ಮಕ್ಕಳಿಗೆ ಪ್ರೌಢಶಾಲೆಯ ದಾರಿಯನ್ನು ಹತ್ತಿರವಾಗಿಸಿದ ವಾಹನಗಳಲ್ಲಿ ಬೈಸಿಕಲ್ ಮುಖ್ಯವಾದುದು. ಮಕ್ಕಳು ಶಾಲೆ ಬಿಡಬಾರದೆಂಬ ಉದ್ದೇಶದಿಂದ, ಎಂಟನೆಯ ತರಗತಿಯವರಿಗೆ ಬೈಸಿಕಲ್ ನೀಡುವ ಯೋಜನೆಯನ್ನು ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿತು. ಆದರೆ ಬೈಸಿಕಲ್ ದೊರೆತರೆ ಸಾಲದು. ಅದು ದಿನವೂ ಓಡಬೇಕು. ಪರೀಕ್ಷೆಯ ದಿನ ನಡುದಾರಿಯಲ್ಲಿ ಸರಪಳಿ ಕಳಚಿದರೆ ಆಗುವ ನಷ್ಟ ಸಣ್ಣದಲ್ಲ.

ಪೆಡಲಿಗೆ ಸೇರಿದ ಹಲ್ಲುಚಕ್ರದಿಂದ ಹಿಂದಿನ ಗಾಲಿಗೆ ನಮ್ಮ ಕಾಲಿನ ಬಲವನ್ನು ಒಯ್ಯುವುದೇ ಸರಪಳಿಯ ಕೆಲಸ. ಇಂದು ಬಳಕೆಯಲ್ಲಿರುವ ಉರುಳೆಯ ಸರಪಳಿಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿಯು 1880ರಲ್ಲಿ ರೂಪಿಸಿದನು. ಅದರಲ್ಲಿ ಸುಮಾರು ನೂರು ಕೊಂಡಿಗಳಿರುತ್ತವೆ. ಪ್ರತಿಯೊಂದು ಕೀಲಿನಲ್ಲಿಯೂ ಒಂದು ಮೊಳೆ, ಅದರ ಸುತ್ತ ತಿರುಗುವ ಉರುಳೆ ಇರುತ್ತವೆ. ಒಂದು ಮೊಳೆಯಿಂದ ಮುಂದಿನ ಮೊಳೆಗೆ ಸರಿಯಾಗಿ ಅರ್ಧ ಅಂಗುಲ.

ಈ ಕೀಲುಗಳ ಶತ್ರು ದೂಳು. ಸರಪಳಿ ಕಿರುಗುಟ್ಟಿದೊಡನೆ ಅದರ ಮೇಲೆ ಎಣ್ಣೆ ಸುರಿಯುವುದು ಹಲವರ ರೂಢಿ. ಹೊರಮೈಯಲ್ಲಿ ಉಳಿದ ಎಣ್ಣೆಯು ದಾರಿಯ ದೂಳನ್ನು ಹಿಡಿದು ಕಪ್ಪು ಜಿಡ್ಡಾಗುತ್ತದೆ. ಆ ಜಿಡ್ಡು ಸಾಣೆಯ ಪುಡಿಯಂತೆ ಮೊಳೆಗಳನ್ನು ಸವೆಸುತ್ತದೆ. ಎಣ್ಣೆ ಬೇಕಾಗಿರುವುದು ಹೊರಗಲ್ಲ, ಕೀಲಿನ ಒಳಗೆ. ಆದುದರಿಂದ ಮೊದಲು ಒರೆಸಬೇಕು, ಬಳಿಕ ಎಣ್ಣೆ ಬಿಡಬೇಕು, ಕೊನೆಯಲ್ಲಿ ಮತ್ತೆ ಒರೆಸಬೇಕು.

ಬೈಸಿಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಸರಪಳಿಗೆ ಮುಚ್ಚುಕವಚವಿದ್ದರೆ ಬಿಚ್ಚಿರಿ. ಕೆಳಬದಿಯ ಸರಪಳಿಯ ನಡುಭಾಗವನ್ನು ಒಣಬಟ್ಟೆಯಿಂದ ಸಡಿಲವಾಗಿ ಹಿಡಿದು, ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿರಿ. ಜಿಡ್ಡು ಗಟ್ಟಿಯಾಗಿದ್ದರೆ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿರಿ. ಸೀಮೆಎಣ್ಣೆ ಟೈರಿಗೂ ಗಾಲಿಯ ನಡುವಿನ ಗುಂಡುಗಳಿಗೂ ತಾಗಬಾರದು, ಹತ್ತಿರ ಬೆಂಕಿಯಿರಬಾರದು. ಸರಪಳಿ ಚೆನ್ನಾಗಿ ಒಣಗಿದ ಮೇಲೆ ಒಂದೊಂದು ಕೀಲಿಗೂ ಒಂದೊಂದು ತೊಟ್ಟು ತೆಳುವಾದ ಯಂತ್ರದೆಣ್ಣೆ ಬಿಡಿರಿ. ಪೆಡಲನ್ನು ಹಲವು ಸುತ್ತು ತಿರುಗಿಸಿ, ಎಣ್ಣೆ ಒಳಗಿಳಿದ ಬಳಿಕ ಹೊರಗಿನ ಎಣ್ಣೆಯನ್ನು ಪೂರ್ಣವಾಗಿ ಒರೆಸಿಬಿಡಿ.

ಅರಸೀಕೆರೆಯ ಸೀಮೆ ತೆಂಗಿಗೆ ಹೆಸರಾದುದು. ಮನೆಯಲ್ಲಿ ಕೊಬ್ಬರಿ ಎಣ್ಣೆ ಸುಲಭವಾಗಿ ಸಿಗುತ್ತದೆ. ಆದರೂ ಅದು ಸರಪಳಿಗೆ ಸಲ್ಲದು. ಚಳಿಗಾಲದ ಬೆಳಗಿನಲ್ಲಿ ಅದು ಹೆಪ್ಪುಗಟ್ಟುತ್ತದೆ. ಅಡುಗೆಯ ಇತರ ಎಣ್ಣೆಗಳೂ ಕಾಲಕ್ರಮದಲ್ಲಿ ಅಂಟಾಗುತ್ತವೆ. ದಪ್ಪ ಗ್ರೀಸನ್ನು ಹೊರಗಿನಿಂದ ಬಳಿದರೆ ಅದು ಕೀಲಿನೊಳಗೆ ಇಳಿಯುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಸರಪಳಿ ಚಲಿಸುತ್ತಿರುವಾಗ ಬೆರಳುಗಳು ಹಲ್ಲುಚಕ್ರದ ಬಳಿಗೆ ಹೋಗಬಾರದು. ಕ್ಷಣಮಾತ್ರದಲ್ಲಿ ಬೆರಳು ಸಿಕ್ಕಿ ನಜ್ಜಾಗಬಹುದು. ಬಳಸಿದ ಸೀಮೆಎಣ್ಣೆಯನ್ನು ಬಾವಿ, ಕೆರೆ, ಕಲ್ಯಾಣಿಗಳ ಬಳಿ ಚೆಲ್ಲಬಾರದು. ಊರಿನ ನೀರು ಊರಿನವರೆಲ್ಲರ ಸ್ವತ್ತು.

ಎಷ್ಟೇ ಶುಚಿಯಾಗಿಟ್ಟರೂ ಸರಪಳಿ ಒಂದು ದಿನ ಸವೆಯುವುದು. ಅದು ಉದ್ದವಾಯಿತೆಂದು ಜನ ಹೇಳುತ್ತಾರೆ. ನಿಜವಾಗಿ ಉಕ್ಕು ಹಿಗ್ಗುವುದಿಲ್ಲ. ಪ್ರತಿಯೊಂದು ಮೊಳೆಯೂ ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲ ಒಟ್ಟುಗೂಡಿ ಉದ್ದವಾಗಿ ಕಾಣುತ್ತದೆ. ಇದನ್ನು ನೀವೇ ಅಳೆಯಬಹುದು. ಬಿಗಿಯಾಗಿರುವ ಸರಪಳಿಯಲ್ಲಿ 24 ಕೊಂಡಿಗಳನ್ನು ಎಣಿಸಿ, ಮೊದಲ ಮೊಳೆಯ ನಡುವಿನಿಂದ ಕೊನೆಯ ಮೊಳೆಯ ನಡುವಿನವರೆಗೆ ಟೇಪು ಹಿಡಿಯಿರಿ. ಹೊಸದರಲ್ಲಿ ಇದು 12 ಅಂಗುಲ. ಅಂಗುಲದ ಹದಿನಾರನೆಯ ಒಂದು ಭಾಗ, ಎಂದರೆ ಸುಮಾರು 1.6 ಮಿಲಿಮೀಟರ್, ಹೆಚ್ಚಿದ್ದರೆ ಸರಪಳಿಯನ್ನು ಬದಲಿಸಬೇಕು. ಅದರ ಎರಡರಷ್ಟಾಗುವವರೆಗೆ ತಡೆದರೆ, ಸವೆದ ಸರಪಳಿ ಹಲ್ಲುಚಕ್ರಗಳನ್ನೂ ಸವೆಸಿಬಿಟ್ಟಿರುತ್ತದೆ. ಆಗ ಹೊಸ ಸರಪಳಿಯೂ ಹಳೆಯ ಹಲ್ಲುಗಳ ಮೇಲೆ ಜಾರುತ್ತದೆ. ಒಂದರ ಖರ್ಚು ಮೂರಾಗುತ್ತದೆ.

ವಾರಕ್ಕೊಮ್ಮೆ ಒರೆಸುವುದಕ್ಕೆ ಐದು ನಿಮಿಷ ಸಾಕು. ಮಳೆಯಲ್ಲಿ ನೆನೆದ ದಿನ ಅದನ್ನು ಮರುದಿನಕ್ಕೆ ಬಿಡಬಾರದು. ಇದಕ್ಕೆ ಬೇಕಾದುದು ಒಂದು ಚಿಂದಿ ಬಟ್ಟೆ, ಒಂದಿಷ್ಟು ಎಣ್ಣೆ, ಕೈ ಕರಿಯಾಗುವುದೆಂದು ನಾಚದ ಮನಸ್ಸು. ತನ್ನ ಬೈಸಿಕಲ್ಲನ್ನು ತಾನೇ ಸರಿಯಾಗಿಟ್ಟುಕೊಳ್ಳಬಲ್ಲ ವಿದ್ಯಾರ್ಥಿಯು ಶಾಲೆಯ ಗಂಟೆ ಬಾರಿಸುವ ಮುನ್ನ ತರಗತಿಯಲ್ಲಿರುತ್ತಾನೆ.