ಕಂಬದ ಬುಡದ ಕಲ್ಲು

ಸಾಮಾನು ತರಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದ ದಿನ, ವಾಪಸ್ ಬರುವಾಗ ಕೆ.ಆರ್. ಮಾರ್ಕೆಟ್ ದಾಟಿ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋಗಿ ಬರುವುದು ನನಗೆ ರೂಢಿ. ಚೀಲದಲ್ಲಿ ಹೊಸ ಡ್ರಿಲ್ ಬಿಟ್, ಕಣ್ಣೆದುರು ಸಾಲುಸಾಲು ತೇಗದ ಕಂಬ. 1781ರಲ್ಲಿ ಹೈದರಾಲಿ ಶುರು ಮಾಡಿಸಿದ ಕಟ್ಟಡ. 1791ರಲ್ಲಿ ಟಿಪ್ಪು ಮುಗಿಸಿದ. ಉಳಿ, ಬಾಚಿ, ಕೈಗರಗಸದಲ್ಲಿ ಆದ ಕೆಲಸ. ಮನೆಯಲ್ಲಿ ಮಿಷನ್ ಹಿಡಿದು ಹತ್ತು ವರ್ಷದಲ್ಲಿ ಕಲಿತದ್ದರಲ್ಲಿ ಅರ್ಧ ಅಲ್ಲಿ ನಿಂತು ನೋಡಿದ್ದರಿಂದ ಬಂದದ್ದು.

1. ಗೋಡೆ ಯಾವುದೆಂದು ತಿಳಿಯದೆ ಹ್ಯಾಮರ್ ಹಾಕಬೇಡಿ.

ಚಾಮರಾಜಪೇಟೆಯ ನಮ್ಮ ಹಳೇ ಮನೆಯಲ್ಲಿ ಪುಸ್ತಕದ ಹಲಗೆ ಕೂರಿಸಲು 8 ಎಂ.ಎಂ. ತೂತು ಹೊಡೆಯಹೊರಟೆ. ಹ್ಯಾಮರ್ ಮೋಡ್‌ನಲ್ಲಿ ಒತ್ತಿದ್ದೇ ತಡ, ಊಟದ ತಟ್ಟೆಯಷ್ಟಗಲ ಗಾರೆ ಕಳಚಿ ಕಾಲ ಬಳಿ ಬಿತ್ತು. ಒಳಗೆ ಇಟ್ಟಿಗೆ ಸಂದಿನ ಸುಣ್ಣ ಹಿಟ್ಟಿನ ಹಾಗೆ ಉದುರುತ್ತಲೇ ಇತ್ತು. ಪ್ಲಗ್ ಹಾಕಿದರೆ ಗರಗರ ತಿರುಗಿತು. ಹ್ಯಾಮರ್ ಇರುವುದು ಕಾಂಕ್ರೀಟಿನಂಥ ಗಟ್ಟಿಗೆ. ಸುಣ್ಣದ ಗಾರೆ ಆ ಪೆಟ್ಟು ತಾಳುವುದಿಲ್ಲ.

ಈಗ ಮೊದಲು 4 ಎಂ.ಎಂ. ಬಿಟ್‌ನಲ್ಲಿ ಒಂದು ಸಣ್ಣ ತೂತು ಹೊಡೆದು ಪುಡಿ ನೋಡುತ್ತೇನೆ. ಕೆಂಪಾದರೆ ಇಟ್ಟಿಗೆ, ಬಿಳಿ ಮರಳಾದರೆ ಸುಣ್ಣದ ಸಂದು, ಬೂದು ಬಣ್ಣವಾದರೆ ಸಿಮೆಂಟು. ಹಳೇ ಗೋಡೆಯಾದರೆ ಹ್ಯಾಮರ್ ಆಫ್, ಹೊಸ ಬಿಟ್, ನಿಧಾನದ ಸ್ಪೀಡು. ತೂತು ಇಟ್ಟಿಗೆಯಲ್ಲೇ, ಸಂದಿನಲ್ಲಲ್ಲ. ಬಿದ್ದ ಜಾಗಕ್ಕೆ ಸಿಮೆಂಟು ಮೆತ್ತಬೇಡಿ. ತೇವ ಅದರ ಹಿಂದೆ ಸಿಕ್ಕಿಕೊಂಡು ಪಕ್ಕದ ಗಾರೆಯನ್ನೂ ಉಬ್ಬಿಸುತ್ತದೆ. ಸುಣ್ಣ, ಮರಳು ಕಲಸಿ ತುಂಬಿ.

2. ಮರದ ಕಾಲು ನೆಲಕ್ಕೆ ತಾಗಬಾರದು.

ತಾರಸಿಯ ಮೇಲೆ ಬಳ್ಳಿ ಹಬ್ಬಿಸಲು ಚಪ್ಪರ ಮಾಡಿದಾಗ ನಾಲ್ಕೂ ಕಂಬಗಳ ಬುಡವನ್ನು ಕಾಂಕ್ರೀಟಿನಲ್ಲಿ ಹೂತಿದ್ದೆ. ಭದ್ರವೆನಿಸಿತ್ತು. ಎರಡನೇ ಮಳೆಗಾಲ ಕಳೆದ ಮೇಲೆ ಸ್ಕ್ರೂ ಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಿತು. ಮೇಲೆ ನೋಡಿದರೆ ಪಾಲಿಶ್ ಇನ್ನೂ ಹೊಳೆಯುತ್ತಿತ್ತು!

ಆ ವಾರವೇ ಅರಮನೆಗೆ ಹೋಗಿ ಮೊದಲ ಸಲ ಕಂಬದ ಬುಡ ನೋಡಿದೆ. ಅಲ್ಲಿಯವರೆಗೆ ಎಲ್ಲರ ಹಾಗೆ ಕಮಾನು ನೋಡಿ, ಫೋಟೊ ತೆಗೆದು ಬರುತ್ತಿದ್ದೆ. ಒಂದೊಂದು ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಮರದ ಕೊಯ್ದ ತುದಿ ಎಂದರೆ ಸಾವಿರಾರು ಸಣ್ಣ ಕೊಳವೆಗಳ ಬಾಯಿ. ನೀರು ಸಿಕ್ಕಿದರೆ ಹೀರಿ ಮೇಲಕ್ಕೆಳೆಯುತ್ತದೆ. ನಡುವೆ ಕಲ್ಲಿಟ್ಟರೆ ಆ ಬಾಯಿಗೆ ನೆಲದ ತೇವ ಸಿಗುವುದಿಲ್ಲ. ಟಿಪ್ಪು ಮಡಿದ ಮೇಲೆ ಬ್ರಿಟಿಷರು ಇದೇ ಕಟ್ಟಡದಲ್ಲಿ ಸರ್ಕಾರಿ ಕಚೇರಿ ನಡೆಸಿದರು. 1868ರಲ್ಲಿ ಕಚೇರಿ ಅಠಾರಾ ಕಚೇರಿ ಎಂಬ ಕಟ್ಟಡಕ್ಕೆ ಹೋಯಿತು, ಕಂಬಗಳು ನಿಂತೇ ಇವೆ.

ನನ್ನ ಚಪ್ಪರದ ಕಂಬಗಳನ್ನು ಕೊಳೆತಷ್ಟು ಕೊಯ್ದು, ತುದಿಗೆ ಎರಡು ಕೋಟು ಆಯಿಲ್ ಪೇಂಟ್ ಕುಡಿಸಿ, ಕೆಳಗೆ ಸಾದರಹಳ್ಳಿ ಕಲ್ಲಿನ ತುಂಡು ಇಟ್ಟೆ. ಕಬ್ಬಿಣದ ಪಟ್ಟಿ ಹಿಡಿದಿದೆ, ನೀರು ಹರಿದು ಹೋಗುತ್ತದೆ.

3. ಚೆಂದದ ಮುಖ ಕೆಳಗೆ.

ಜಿಗ್‌ಸಾ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಎರಡರ ಹಲ್ಲೂ ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಸಿಬಿರು ಏಳುವುದು ಮೇಲ್ಮುಖದಲ್ಲಿ. ಪ್ಲೈವುಡ್ ತಿರುಗಿಸಿ ಮಲಗಿಸಿ, ಅಷ್ಟೆ.

4. ಗ್ರೈಂಡರಿಗೆ ಮರದ ಬ್ಲೇಡು ಹಾಕಲೇಬೇಡಿ.

ಇದನ್ನು ಕೈಮುಗಿದು ಹೇಳುತ್ತೇನೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಲ್ಲಿನ ಬ್ಲೇಡು ಮರದ ಗಂಟಿಗೆ ಕಚ್ಚಿದರೆ ಮಿಷನ್ನೇ ಎಗರಿ ಮೈಮೇಲೆ ಬರುತ್ತದೆ, ಕೈ ತೆಗೆಯುವಷ್ಟು ಹೊತ್ತಿರುವುದಿಲ್ಲ. ಗಾರ್ಡ್ ಬಿಚ್ಚಿ ದೊಡ್ಡ ಬ್ಲೇಡು ತೂರಿಸುವವರನ್ನೂ ನೋಡಿದ್ದೇನೆ. ನಮ್ಮ ಬೀದಿಯ ಆಚಾರ್ರು ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮೊದಲ ಮಾತು ಇದೇ: "ಮರಕ್ಕೆ ಗ್ರೈಂಡರ್ ಹಿಡಿಯೋದಾದ್ರೆ ನಾಳೆಯಿಂದ ಬರಬೇಡಪ್ಪ." ಅವರ ಎಡಗೈಯಲ್ಲಿ ಎರಡು ಬೆರಳಿಲ್ಲ.

ಕನ್ನಡಕ ಬೇಕು. ತೋಳು ಮಡಚಿರಬೇಕು. ತಿರುಗುವ ಮಿಷನ್ನಿನ ಹತ್ತಿರ ಬಟ್ಟೆಯ ಗ್ಲೌಸ್ ಬೇಡ, ಎಳೆದುಕೊಳ್ಳುತ್ತದೆ. ವೈರಿನ ಮಿಷನ್ ಆದರೆ ಮನೆಯ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಇದೆಯೇ ಎಂದು ಮೊದಲು ನೋಡಿ.

5. ಸ್ಯಾಂಡರ್ ಎಲ್ಲಿ ನಿಲ್ಲಿಸಬೇಕು?

ಅಜ್ಜಿಯ ಕಾಲದ ಬಾಗಿಲಿನ ಬಣ್ಣ ತೆಗೆಯಲು 80 ನಂಬರಿನ ಹಾಳೆ ಹಾಕಿ ಹತ್ತು ನಿಮಿಷ ಓಡಿಸಿದೆ. ಬಣ್ಣದ ಜೊತೆ ಚೌಕಟ್ಟಿನ ಪದ್ಮದ ಎಸಳುಗಳ ಅಂಚೂ ಹೋಯಿತು. ಉಳಿಯಿಂದ ಬಂದ ಗೆರೆ ಅದು, ಯಾವ ಮಿಷನ್ನಿನಿಂದಲೂ ತಿರುಗಿ ತರಲಾಗದು. ಈಗಲೂ ಆ ಬಾಗಿಲು ತೆರೆಯುವಾಗ ಬೆರಳು ಅಲ್ಲಿಗೇ ಹೋಗುತ್ತದೆ. ಸಪಾಟು ಜಾಗಕ್ಕೆ ಮಾತ್ರ ಸ್ಯಾಂಡರ್. ಕೆತ್ತನೆಗೆ ಪೇಂಟ್ ರಿಮೂವರ್, ಹಳೇ ಟೂತ್‌ಬ್ರಷ್, ತಾಳ್ಮೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು. ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಗ್ರತೆ.

6. ಮೊದಲು ಕೊಳ್ಳಬೇಕಾದ್ದು ಒಂದು ಡ್ರಿಲ್, ನಾಲ್ಕು ಕ್ಲಾಂಪ್.

ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಮಿಷನ್ ಹಿಡಿದು ಯಾರೂ ನೇರ ಕೊಯ್ಯಲಾರರು. ಹಿಡಿತವನ್ನು ಕ್ಲಾಂಪಿಗೆ ಬಿಟ್ಟರೆ ಎರಡೂ ಕೈ ಮಿಷನ್ನಿಗೆ ಸಿಗುತ್ತವೆ. ತೇಗಕ್ಕೆ ಸ್ಕ್ರೂ ಹಾಕುವ ಮುಂಚೆ ಅದಕ್ಕಿಂತ ಸಣ್ಣ ತೂತು ಹೊಡೆದುಕೊಳ್ಳಿ, ಇಲ್ಲದಿದ್ದರೆ ತುದಿ ಸೀಳುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬ್ಲೇಡು ಬೇಗ ಮೊಂಡಾಗುತ್ತದೆ. ಹೊಗೆ ವಾಸನೆ ಬಂದರೆ ಒತ್ತಬೇಡಿ, ಬ್ಲೇಡು ಬದಲಿಸಿ.

ಈ ಜುಲೈನಲ್ಲಿ ಜೋರು ಮಳೆ ನಿಂತ ಮೇಲೆ ತಾರಸಿಗೆ ಹೋಗಿ ಚಪ್ಪರದ ಕಂಬಕ್ಕೂ ಕಲ್ಲಿಗೂ ನಡುವೆ ಕಾಗದದ ಚೂರು ತೂರಿಸಿದೆ. ಒಣಗಿಯೇ ಹೊರಬಂತು.