ಓಟವೂ ಕಾಣಿಕೆಯೂ



ಕಾಲು ಮುರಿದು, ಪ್ಲಾಸ್ಟರ್ ಬಿಚ್ಚಿಸಿಕೊಂಡು, ಊರುಗೋಲನ್ನು ಮೂಲೆಗಿಟ್ಟು ಕೆಲವು ವಾರಗಳಷ್ಟೇ ಆಗಿರುವ ವ್ಯಕ್ತಿಯೊಬ್ಬರು ಧರ್ಮಕೇಂದ್ರದ ಯುವಜನರು ನಡೆಸುವ ಸಹಾಯಾರ್ಥ ಓಟಕ್ಕೆ ಹೆಸರು ಕೊಡಬಹುದೇ? ಇದು ವೈದ್ಯರಿಗೆ ಕೇಳಬೇಕಾದ ಪ್ರಶ್ನೆ, ಇದರಲ್ಲಿ ಸ್ವಾಮಿಗಳಿಗೇನು ಕೆಲಸ ಎಂದು ನೀವು ಹೇಳಬಹುದು. ಅರ್ಧ ನಿಜ. ಕಾಲು ಸಿದ್ಧವಾಗಿದೆಯೇ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಯಾಕೆ ಓಡಬೇಕು, ಯಾರಿಗಾಗಿ ಓಡಬೇಕು, ಓಡಲಾಗದಿದ್ದರೆ ಏನು ಮಾಡಬೇಕು ಎಂಬುದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ರಸ್ತೆಯಲ್ಲಿ ಬಿದ್ದವರು, ಕಲ್ಲಿನ ಕೆಲಸದಲ್ಲಿ ಪೆಟ್ಟು ತಿಂದವರು, ತೆಂಗಿನ ಮರದಿಂದ ಜಾರಿದವರು ಇಲ್ಲದ ಊರಿಲ್ಲ. ಕೆಲವರು ರಾಡ್ ಹಾಕಿಸಿಕೊಂಡಿದ್ದಾರೆ, ಕೆಲವರು ಇಂದಿಗೂ ಪುತ್ತೂರು ಕಟ್ಟನ್ನೇ ನಂಬುತ್ತಾರೆ. ದಿನಗೂಲಿಯವನ ಕಾಲು ಮುರಿದರೆ ಮನೆಯ ಒಲೆಗೂ ಪೆಟ್ಟು ಬೀಳುತ್ತದೆ. ಹೆಂಡತಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ, ಪಕ್ಕದ ಮನೆಯವರು ಅಕ್ಕಿ ಬೇಳೆ ತಂದುಕೊಡುತ್ತಾರೆ. ತಿಂಗಳುಗಟ್ಟಲೆ ಹೀಗೆ ಮತ್ತೊಬ್ಬರ ಕೈ ನೋಡಿ ಬದುಕಿದವನು ಎದ್ದು ನಡೆಯುವ ದಿನ ಬಂದಾಗ ಅವನಲ್ಲಿ ಎರಡು ಆಸೆಗಳು ಒಟ್ಟಿಗೆ ಏಳುತ್ತವೆ. ನಾನು ಮೊದಲಿನಂತೆಯೇ ಇದ್ದೇನೆ ಎಂದು ಊರಿಗೆ ತೋರಿಸುವ ಆಸೆ ಒಂದು, ಪಡೆದ ಉಪಕಾರವನ್ನು ತೀರಿಸುವ ಆಸೆ ಇನ್ನೊಂದು. ದಾನದ ಓಟ ಎರಡನ್ನೂ ಒಂದೇ ಬೆಳಿಗ್ಗೆ ಪೂರೈಸುತ್ತೇನೆ ಎನ್ನುತ್ತದೆ. ಎಚ್ಚರಿಕೆ ಬೇಕಾಗುವುದು ಇಲ್ಲಿಯೇ.

ರೇಷ್ಮೆ ಸಾಕುವ ಮನೆಯವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಹುಳು ಹಣ್ಣಾಗುವ ಮುನ್ನ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆಯೆತ್ತಿಕೊಂಡು, ಸೊಪ್ಪು ಮುಟ್ಟದೆ, ಜೀವವೇ ಇಲ್ಲದಂತೆ ಕೂತಿರುತ್ತದೆ. ಆಗ ನೀವು ಸೊಪ್ಪು ನಿಲ್ಲಿಸುತ್ತೀರಿ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತೀರಿ, ತಟ್ಟೆ ಅಲುಗಾಡಿಸುವುದಿಲ್ಲ. ಮೊದಲೆದ್ದ ನಾಲ್ಕು ಹುಳುಗಳ ಮುಖ ನೋಡಿ ಆತುರದಿಂದ ಸೊಪ್ಪು ಹಾಕುವುದೂ ಇಲ್ಲ, ಹಾಕಿದರೆ ಬೆಳೆ ಏರುಪೇರಾಗುತ್ತದೆ ಎಂದು ನಿಮಗೆ ಗೊತ್ತು. ಹೊರಗೆ ಏನೂ ನಡೆಯದಂತೆ ಕಂಡರೂ ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ.

ಮುರಿದ ಮೂಳೆಯೂ ಹೀಗೆಯೇ. ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಮೆತ್ತನೆಯ ಬೆಸುಗೆ ಬೀಳುತ್ತದೆ. ಅನಂತರ ಸುಣ್ಣದಂಶ ಸೇರಿ ಅದು ಗಟ್ಟಿಯಾಗುತ್ತಾ ಬರುತ್ತದೆ. ಮೊಳಕಾಲ ಕೆಳಗಿನ ದೊಡ್ಡ ಮೂಳೆ ಕೂಡಲು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ, ಎಷ್ಟೋ ಸಲ ಇನ್ನೂ ಹೆಚ್ಚು. ಕೂಡಿದ ಮೇಲೂ ಅದು ವರ್ಷಗಟ್ಟಲೆ ತನ್ನ ಆಕಾರವನ್ನು ತಿದ್ದಿಕೊಳ್ಳುತ್ತಿರುತ್ತದೆ. ಅಷ್ಟರಲ್ಲಿ ಮೀನಖಂಡ ಸೊರಗಿರುತ್ತದೆ, ಪಾದ ನೆಲದ ಅಭ್ಯಾಸವನ್ನೇ ಮರೆತಿರುತ್ತದೆ. ಆದ್ದರಿಂದ ವೈದ್ಯರು ಒಪ್ಪಿದ ಮೇಲೂ ಮೊದಲು ನಡಿಗೆ. ಕುಂಟದೆ ಅರ್ಧ ಗಂಟೆ ನಡೆಯಲು ಬಂದ ಮೇಲೆ ಸ್ವಲ್ಪ ಓಟ, ಸ್ವಲ್ಪ ನಡಿಗೆ. ಮಾರನೆಯ ಬೆಳಿಗ್ಗೆಯೂ ನೋವು ಉಳಿದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ. ಜೀವ ಮತ್ತು ಆರೋಗ್ಯ ದೇವರು ನಮ್ಮ ವಶಕ್ಕೆ ಕೊಟ್ಟ ವರಗಳು, ಅವುಗಳನ್ನು ತಕ್ಕಮಟ್ಟಿಗೆ ಕಾಪಾಡುವುದು ಕರ್ತವ್ಯ ಎನ್ನುತ್ತದೆ ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಸಂಖ್ಯೆ 2288). ಮರು ಸಂಖ್ಯೆಯಲ್ಲೇ, ದೇಹವನ್ನು ವಿಗ್ರಹ ಮಾಡಿಕೊಳ್ಳಬಾರದೆಂದೂ ಎಚ್ಚರಿಸುತ್ತದೆ. ಎರಡನ್ನೂ ಸೇರಿಸಿ ಓದಬೇಕು.

ಸಂತ ಪೌಲರಿಗೆ ಓಟದ ಹೋಲಿಕೆ ಪ್ರಿಯವಾದುದು. ಕೊರಿಂಥದ ಸಮೀಪದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ಸಿಗುತ್ತಿದ್ದುದು ಬಾಡಿ ಹೋಗುವ ಎಲೆಗಳ ಕಿರೀಟ. ಅದಕ್ಕಾಗಿಯೇ ಅವರು ಅಷ್ಟು ಶ್ರಮಿಸುವುದಾದರೆ ಬಾಡದ ಕಿರೀಟಕ್ಕಾಗಿ ನಾವೆಷ್ಟು ಶ್ರಮಿಸಬೇಕು ಎಂಬುದು ಪೌಲರ ವಾದ (1 ಕೊರಿಂಥ 9:24-27). ಇದನ್ನು ನೀವು ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿದ್ದೀರಿ. ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯವನ್ನು ಮಾತ್ರ ನಾವು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತೇವೆ. ಆರಂಭದಲ್ಲಿ ಓಟದ ಮಾತಿದೆ, ಎಲ್ಲರಿಗೂ ನೆನಪಿದೆ. ಹನ್ನೆರಡು ಹದಿಮೂರನೆಯ ವಚನಗಳಿಗೆ ಬಂದರೆ ಸೋತ ಕೈಗಳು, ಬಲಹೀನವಾದ ಮೊಣಕಾಲುಗಳು ಕಾಣುತ್ತವೆ. ಕುಂಟುವ ಕಾಲು ಉಳುಕದೆ ಗುಣವಾಗುವಂತೆ ದಾರಿಯನ್ನು ನೇರಮಾಡಿರಿ ಎಂಬ ಅಪ್ಪಣೆ ಅಲ್ಲಿದೆ. ಅಂದರೆ ಓಡುವವರ ಗುಂಪಿನಲ್ಲಿ ಕುಂಟುವವನೂ ಇದ್ದಾನೆಂಬುದು ಆ ಲೇಖಕರಿಗೆ ಗೊತ್ತಿತ್ತು. ಬೇಗ ಓಡು ಎಂದು ಅವನನ್ನು ಗದರಿಸುವುದಿಲ್ಲ, ದಾರಿ ಸರಿಮಾಡಿ ಎಂದು ಸಭೆಗೆಲ್ಲ ಹೇಳುತ್ತಾರೆ.

ಸಂತ ಎರಡನೇ ಜಾನ್ ಪೌಲರು ಬೆಟ್ಟ ಹತ್ತುವುದನ್ನು, ಹಿಮದಲ್ಲಿ ಜಾರುವ ಆಟವನ್ನು ಬಹಳ ಪ್ರೀತಿಸುತ್ತಿದ್ದರು. 1994ರ ಏಪ್ರಿಲ್‌ನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಸುಮಾರು ನಾಲ್ಕು ವಾರ ಆಸ್ಪತ್ರೆಯಲ್ಲಿದ್ದರು. ಮೇ 29ರಂದು ಮತ್ತೆ ಜನರೆದುರು ಬಂದಾಗ, ಧರ್ಮಸಭೆಯನ್ನು ಪ್ರಾರ್ಥನೆಯಿಂದ ಮಾತ್ರವಲ್ಲ, ಯಾತನೆಯಿಂದಲೂ ಮುನ್ನಡೆಸಬೇಕೆಂದು ತಮಗೆ ತಿಳಿಯಿತು ಎಂಬ ಅರ್ಥದ ಮಾತನ್ನಾಡಿದರು. ಮೊದಲಿನ ನಡಿಗೆ ಅವರಿಗೆ ಮರಳಿ ಬರಲಿಲ್ಲ. ಗುಣವಾಗುವುದೆಂದರೆ ಮೊದಲಿನಂತೆಯೇ ಆಗುವುದು ಎಂದು ನಾವು ಭಾವಿಸುತ್ತೇವೆ, ಯಾವಾಗಲೂ ಹಾಗಾಗುವುದಿಲ್ಲ.

ದಾನದ ಓಟಗಳ ಇತಿಹಾಸದಲ್ಲೂ ಇಂಥದೇ ಒಂದು ಕಥೆಯಿದೆ. ಕೆನಡಾದ ಟೆರಿ ಫಾಕ್ಸ್ ಎಂಬ ಯುವಕ 1977ರಲ್ಲಿ ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ. 1980ರ ಏಪ್ರಿಲ್ 12ರಂದು ಕೃತಕ ಕಾಲು ಕಟ್ಟಿಕೊಂಡು ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶದ ಪೂರ್ವ ತುದಿಯಿಂದ ಓಡತೊಡಗಿದ. ದಿನಕ್ಕೆ ಸುಮಾರು 42 ಕಿಲೋಮೀಟರು. ಪಶ್ಚಿಮ ಸಮುದ್ರ ಮುಟ್ಟುವುದು ಅವನ ಗುರಿ. 143 ದಿನ, 5,373 ಕಿಲೋಮೀಟರು ಮುಗಿದಾಗ ರೋಗ ಶ್ವಾಸಕೋಶಕ್ಕೆ ಹರಡಿರುವುದು ತಿಳಿದು ಅವನು ಓಟ ನಿಲ್ಲಿಸಬೇಕಾಯಿತು. 1981ರ ಜೂನ್‌ನಲ್ಲಿ ತೀರಿಕೊಂಡ. ಅವನ ಹೆಸರಿನ ಮೊದಲ ಓಟ ಅದೇ ಸೆಪ್ಟೆಂಬರಿನಲ್ಲಿ ನಡೆಯಿತು. ಇಂದಿಗೂ ಹಲವು ದೇಶಗಳಲ್ಲಿ ನಡೆಯುತ್ತಿದೆ. ಅವನು ಗುರಿ ಮುಟ್ಟಲಿಲ್ಲ, ಕಾಣಿಕೆ ಮುಟ್ಟಿತು.

ಈಗ ಪೌಲರ ಅದೇ ಪತ್ರಕ್ಕೆ ಹಿಂದಿರುಗೋಣ. 9ನೆಯ ಅಧ್ಯಾಯದಲ್ಲಿ ಓಟದ ಬಗ್ಗೆ ಬರೆದವರು 16ನೆಯ ಅಧ್ಯಾಯದಲ್ಲಿ ಚಂದಾ ಎತ್ತುವ ಬಗ್ಗೆ ಬರೆಯುತ್ತಾರೆ. ಜೆರುಸಲೇಮಿನ ಬಡವರಿಗಾಗಿ ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟು ತೆಗೆದಿಡಲಿ, ತಾನು ಬಂದ ಮೇಲೆ ಗಡಿಬಿಡಿ ಬೇಡ ಎನ್ನುತ್ತಾರೆ. ಎರಡನೆಯ ಪತ್ರದಲ್ಲಿ (8:12) ಇನ್ನೂ ಸ್ಪಷ್ಟ: ಮನಸ್ಸಿದ್ದರೆ ಇರುವುದರ ಮೇಲೆ ಕಾಣಿಕೆಯ ಬೆಲೆ, ಇಲ್ಲದಿರುವುದರ ಮೇಲಲ್ಲ. ಇದು ಹಣಕ್ಕೆ ಹೇಳಿದ ಮಾತು, ಕಾಲಿಗೂ ಸಲ್ಲುತ್ತದೆ. ಐದು ಕಿಲೋಮೀಟರು ಓಡಬಲ್ಲವನು ಓಡಲಿ, ಒಂದು ಕಿಲೋಮೀಟರು ನಡೆಯಬಲ್ಲವನು ನಡೆಯಲಿ, ಕುರ್ಚಿಯಲ್ಲಿ ಕೂತವನು ಹೆಸರು ಬರೆದುಕೊಳ್ಳಲಿ. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರು ಓಟದಲ್ಲಿ ಸಹ ಹಿರಿಯರಿಗೆ, ವಿಕಲಚೇತನರಿಗೆ ಬೇರೆ ವಿಭಾಗಗಳನ್ನು ಮಾಡಿದ್ದಾರೆ. ಧರ್ಮಕೇಂದ್ರದ ಓಟಕ್ಕೆ ಅಷ್ಟು ಮಾಡಲಾಗದೇ?

ಪೌಲರು ಲೆಕ್ಕದಲ್ಲೂ ಬಿಗಿ. ಹಣ ಒಯ್ಯಲು ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಂಡರು, ಯಾರೂ ಬೆರಳು ತೋರಬಾರದೆಂದು (2 ಕೊರಿಂಥ 8:19-21). ಬ್ಯಾನರಿಗೆ, ಟೀ-ಶರ್ಟಿಗೆ, ಧ್ವನಿವರ್ಧಕಕ್ಕೆ ಹೆಚ್ಚು ಹಣ ಹೋಗಿ, ಮಿಕ್ಕಿದ್ದು ಹಾಸಿಗೆ ಹಿಡಿದವನ ಮನೆಗೆ ಮುಟ್ಟುವುದಾದರೆ ಅದನ್ನು ದಾನದ ಓಟವೆನ್ನಲು ನನಗೆ ಬಾಯಿ ಬರುವುದಿಲ್ಲ. ಖರ್ಚು ಮತ್ತು ಸಂಗ್ರಹ ಎರಡನ್ನೂ ಮುಂದಿನ ಭಾನುವಾರದ ಬಲಿಪೂಜೆಯ ಪ್ರಕಟಣೆಗಳಲ್ಲಿ ಓದಿಸಿ. ಯಾರ ಮನೆಯ ಅಕ್ಕಿ ಡಬ್ಬ ಖಾಲಿಯಾಗಿದೆ ಎಂಬುದನ್ನು ವಿನ್ಸೆಂಟ್ ದೆ ಪೌಲ್ ಸಭೆಯವರನ್ನು ಕೇಳಿ. ಮನೆಮನೆಗೆ ಹೋಗುವವರು ಅವರೇ. 1833ರಲ್ಲಿ ಪ್ಯಾರಿಸಿನಲ್ಲಿ ಆ ಸಭೆ ಆರಂಭಿಸಿದವರು ಕಾಲೇಜು ವಿದ್ಯಾರ್ಥಿಗಳೇ ಎಂಬುದನ್ನು ನಮ್ಮ ಯುವಜನರು ಗಮನಿಸಲಿ.

ದಾರಿಯ ಬಗ್ಗೆ ಒಂದು ಮಾತು. ರಾಮನಗರ–ಚನ್ನಪಟ್ಟಣ ಹಳೆಯ ರಸ್ತೆ ಸಮನಾಗಿದೆ ಎಂದು ಕೆಲವರು ಅದನ್ನೇ ಆರಿಸಲು ನೋಡುತ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ದೂರದ ವಾಹನಗಳು ಬೈಪಾಸಿಗೆ ಹೋದದ್ದು ನಿಜ. ಆದರೆ ಅದೇ ವರ್ಷದ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲದ್ದರಿಂದ ಅವು ಈ ಕಡೆಯೇ ಬರುತ್ತವೆ. ಪೊಲೀಸರ ಅನುಮತಿ ಪಡೆದು, ಬೆಳಕು ಹರಿದ ಕೂಡಲೇ ಮುಗಿಸಿ. ಇಲ್ಲವೇ ಊರೊಳಗಿನ ದಾರಿ ಹಿಡಿಯಿರಿ. ಕೊನೆಯವನು ಬಂದು ಮುಟ್ಟುವವರೆಗೆ ನೀರಿನ ಡ್ರಮ್ಮು, ಕುರ್ಚಿಗಳನ್ನು ಎತ್ತಬೇಡಿ.

ಪೆಟ್ಟಿನಿಂದ ಎದ್ದವರು ನಿಮ್ಮ ಮನೆಯಲ್ಲಿದ್ದರೆ, ಹೆಸರು ಕೊಡುವ ಮುನ್ನ ಒಂದು ರಾತ್ರಿ ಜಪಸರ ಮುಗಿದ ಮೇಲೆ ಎರಡನೆಯ ಕೊರಿಂಥ ಪತ್ರದ 8ನೆಯ ಅಧ್ಯಾಯವನ್ನು ಮಕ್ಕಳಿಂದ ಓದಿಸಿ. ಅನಂತರ ಒಂದು ಹಾಳೆ ತೆಗೆದುಕೊಂಡು, ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಮನೆಗೆ ಯಾರು ಯಾರು ಬಂದರು, ಏನೇನು ತಂದರು ಎಂದು ನೆನಪಿದ್ದಷ್ಟು ಬರೆಯಿರಿ. ಆ ಪಟ್ಟಿಯಲ್ಲಿರುವವರ ಪೈಕಿ ಈಗ ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರ ಮನೆಯಲ್ಲಿ ಕೆಲಸ ನಿಂತಿದೆ ಎಂದು ನೋಡಿ, ಆ ಹೆಸರುಗಳ ಕೆಳಗೆ ಗೆರೆ ಎಳೆಯಿರಿ.